ಕಿನ್ನಾಳಕ್ಕೆ ಹೋಗಿ ಗೌರಿಯ ಕೈ ಕೂಡಿಸಿಕೊಂಡು ಬಂದೆ

ನಮ್ಮವ್ವನ ಮದುವೆಯಾದ ವರ್ಷ ಅಜ್ಜ ಕೊಪ್ಪಳದ ಹತ್ತಿರದ ಕಿನ್ನಾಳದಿಂದ ತಂದುಕೊಟ್ಟ ಕಟ್ಟಿಗೆಯ ಗೌರಿ ಗೊಂಬೆ ಅದು. ಒಂದು ಗೇಣಿಗಿಂತ ಸ್ವಲ್ಪ ಎತ್ತರ. ಹಸಿರು ಸೀರೆ, ಕೆಂಪು ಕುಪ್ಪಸ, ದೊಡ್ಡ ದೊಡ್ಡ ಕಣ್ಣು. ಪ್ರತಿ ಗೌರಿ ಹುಣ್ಣಿಮೆಗೆ ಅವಳನ್ನು ಕೂರಿಸಿ, ಸಕ್ಕರೆ ಆರತಿ ಬೆಳಗಿ, ಮತ್ತೆ ಹಳೇ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಡುವುದು ನಮ್ಮ ಮನೆ ರೂಢಿ. ಹೋದ ವರ್ಷ ಮನೆ ಬದಲಿಸುವಾಗ ಸಾಮಾನು ಸಾಗಿಸುವವರ ಕೈಯಿಂದ ಆ ಟ್ರಂಕು ಮೆಟ್ಟಿಲ ಮೇಲೆ ಬಿತ್ತು. ಬಿಚ್ಚಿ ನೋಡಿದರೆ ಗೌರಿಯ ಬಲಗೈ ಮೊಣಕೈಯಿಂದ ಕಳಚಿ ಬಂದಿತ್ತು. ಭುಜದ ಮೇಲೆ ರೂಪಾಯಿಯಗಲ ಬಣ್ಣ ಎದ್ದುಹೋಗಿತ್ತು. ಅವ್ವ ಆ ರಾತ್ರಿ ಊಟ ಮಾಡಲಿಲ್ಲ.

ಬೆಂಗಳೂರಿನಲ್ಲಿ ಎರಡು ಕಡೆ ವಿಚಾರಿಸಿದೆ. ಒಬ್ಬರು ಹೊಸದು ತಗೊಳ್ಳಿ ಅಂದರು. ಇನ್ನೊಬ್ಬರು ಭಿನ್ನವಾದದ್ದು ಮನೆಯಲ್ಲಿ ಇಡಬಾರದು, ನೀರಿಗೆ ಬಿಡಿ ಅಂದರು. ಮಾಡಿದವರ ಊರಿಗೇ ಒಯ್ಯೋಣ ಅಂತ ಅವ್ವ ಹಟ ಹಿಡಿದಳು. ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಕೊಪ್ಪಳದಲ್ಲಿ ಇಳಿದೆವು. ಅಲ್ಲಿಂದ ಕಿನ್ನಾಳ ಸುಮಾರು 13 ಕಿ.ಮೀ.

ಊರು ಚಿಕ್ಕದು. ಗೊಂಬೆ ಮಾಡುವ ಚಿತ್ರಗಾರರ ಮನೆ ಎಲ್ಲಿ ಅಂತ ಯಾರನ್ನು ಕೇಳಿದರೂ ತೋರಿಸುತ್ತಾರೆ. ದೊಡ್ಡ ಅಂಗಡಿ, ಗಾಜಿನ ಕಪಾಟು ಹುಡುಕಬೇಡಿ. ಮನೆಯೇ ಅಂಗಡಿ, ಪಡಸಾಲೆಯೇ ಕಾರ್ಖಾನೆ. ನಾವು ಹೋದ ಮನೆಯಲ್ಲಿ ಹಿರಿಯರೊಬ್ಬರು ಉಳಿ ಹಿಡಿದು ಕೂತಿದ್ದರು. ಅವರ ಸೊಸೆ ಬಾಗಿಲ ಬೆಳಕಿನಲ್ಲಿ ಒಂದು ಗಿಳಿಗೆ ಬಣ್ಣ ಹಾಕುತ್ತಿದ್ದರು.

ನಾನು ಗೌರಿಯನ್ನು ಕೊಟ್ಟೆ. ಕಾಕಾ ಎದ್ದುಹೋದ ಬಣ್ಣದ ಅಂಚನ್ನು ಉಗುರಿನಿಂದ ಮೆಲ್ಲಗೆ ಸವರಿ, "ಒದ್ದಿ ಅರಿವೀಲೆ ಒರಸೀರೇನವ್ವಾ?" ಅಂತ ಕೇಳಿದರು. ಹೌದು, ವರ್ಷ ವರ್ಷ ಒದ್ದೆ ಬಟ್ಟೆಯಲ್ಲೇ ಒರೆಸಿದ್ದೆವು. ಆಮೇಲೆ ನನ್ನನ್ನು ಹತ್ತಿರ ಕರೆದು ಆ ಗಾಯದೊಳಗೆ ಏನಿದೆ ಅಂತ ತೋರಿಸಿದರು.

ಮೇಲೆ ಹಸಿರು ಬಣ್ಣ. ಅದರ ಕೆಳಗೆ ಸುಣ್ಣದಂಥ ಬಿಳಿ ಪದರ, ಅದು ಕಲ್ಲಿನ ಪುಡಿಯ ಲೇಪ. ಅದರ ಕೆಳಗೆ ಹತ್ತಿ ಬಟ್ಟೆಯ ಸಣ್ಣ ಸಣ್ಣ ಚೂರು, ಹುಣಸೆ ಬೀಜದ ಅಂಟಿನಲ್ಲಿ ಅಂಟಿಸಿದ್ದು. ಅದರ ಕೆಳಗೆ ಕಂದು ಬಣ್ಣದ ಕಿಟ್ಟ. ಸೆಣಬಿನ ಚಿಂದಿ ನೆನೆಸಿ, ಕತ್ತರಿಸಿ, ಒಣಗಿಸಿ ಪುಡಿ ಮಾಡಿ, ಕಟ್ಟಿಗೆ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನ ಜೊತೆ ಕಲಸಿದರೆ ಅದೇ ಕಿಟ್ಟ. ಎಲ್ಲಕ್ಕಿಂತ ಒಳಗೆ ಪೊಳ್ಕಿ ಕಟ್ಟಿಗೆ. ಎಷ್ಟು ಹಗುರ ಅಂದರೆ ಕೈಯಲ್ಲಿ ಹಿಡಿದರೆ ಕಟ್ಟಿಗೆ ಅನ್ನಿಸುವುದಿಲ್ಲ. ನಲವತ್ತು ವರ್ಷ ನಮ್ಮ ಮನೆಯಲ್ಲಿದ್ದ ಗೊಂಬೆಯ ಒಳಗೆ ಇಷ್ಟೆಲ್ಲ ಇತ್ತು ಅಂತ ನನಗೆ ಗೊತ್ತೇ ಇರಲಿಲ್ಲ.

ತುಂಬಾ ಜನ ಇದನ್ನು ಚನ್ನಪಟ್ಟಣದ ಗೊಂಬೆ ಅಂದುಕೊಳ್ಳುತ್ತಾರೆ. ಎರಡೂ ಬೇರೆ. ಚನ್ನಪಟ್ಟಣದ್ದು ಯಂತ್ರದಲ್ಲಿ ತಿರುಗಿಸಿ ಅರಗಿನ ಬಣ್ಣ ಕೊಡುವ ಆಟಿಕೆ. ಕಿನ್ನಾಳದ್ದು ಉಳಿಯಲ್ಲಿ ಕೆತ್ತಿ, ಬಿಡಿ ಬಿಡಿ ಭಾಗ ಕೂಡಿಸಿ ಮಾಡುವ ಗೊಂಬೆ. ಒಂದು ಗರುಡಕ್ಕೆ 12 ಭಾಗ, ಸಿಂಹಾಸನದ ಮೇಲೆ ಕೂತ ಗಣಪನಿಗೆ 22. ಒಡವೆಗಳನ್ನು ಕೆತ್ತುವುದಿಲ್ಲ, ಕಲ್ಲುಪುಡಿ ಮತ್ತು ಅಂಟಿನ ಲೇಪದಿಂದ ಉಬ್ಬಿಸುತ್ತಾರೆ. ನಮ್ಮ ಗೌರಿಯ ಸರ ಬೆರಳಿಗೆ ತಾಗುವುದು ಅದಕ್ಕೇ. ಹಳೇ ಗೊಂಬೆಗಳ ಮೇಲಿನ ಚಿನ್ನದ ಹೊಳಪು ಚಿನ್ನದ್ದಲ್ಲ, ತವರದ್ದು. ಆ ಕೆಲಸಕ್ಕೆ ಲಾಜವರ ಅನ್ನುತ್ತಾರೆ.

ಹಂಪಿ ವಿರೂಪಾಕ್ಷ ಗುಡಿಯ ರಂಗಮಂಟಪದ ಚಾವಣಿ ನೋಡಿದ್ದೀರಲ್ವಾ? ಆ ಚಿತ್ರ ಬರೆದವರು ತಮ್ಮ ಹಿರಿಯರೇ ಅಂತ ಕಿನ್ನಾಳದವರು ಹೇಳುತ್ತಾರೆ. ಹಂಪಿ ಇಲ್ಲಿಂದ ದೂರವೇನಲ್ಲ. 1565ರಲ್ಲಿ ವಿಜಯನಗರ ಬಿದ್ದಿತು. ಮುಂದೆ ಈ ಭಾಗ ನಿಜಾಮರ ಕಡೆ ಹೋಗಿ 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅರಸರು ಹೋದರೂ ಊರ ದೇವರು ಇದ್ದರಲ್ಲ, ಚಿತ್ರಗಾರರ ಕೈಗೆ ಕೆಲಸ ಕೊಟ್ಟವರು ಅವರೇ. ದ್ಯಾಮವ್ವ, ದುರ್ಗವ್ವನ ಕಟ್ಟಿಗೆ ಮೂರ್ತಿ, ಅವುಗಳಿಗೆ ಹೊಸ ಬಣ್ಣ, ಗುಡಿಯ ವಾಹನ, ಪಲ್ಲಕ್ಕಿ. ಬಿಡುವಿದ್ದಾಗ ಮಕ್ಕಳ ಗೊಂಬೆ. ಹಿಂದೆ ಪೊಲೀಸ, ಮಾವುತ, ತರಕಾರಿ ಮಾರುವವಳು, ಹೀಗೆ ದುಡಿಯುವ ಜನರ ಗೊಂಬೆ ಜಾಸ್ತಿ ಓಡುತ್ತಿದ್ದವು. ಈಗ ದೇವರು, ಪ್ರಾಣಿ, ಪಕ್ಷಿ ಕೇಳುವವರೇ ಹೆಚ್ಚು. ನನಗೆ ಆ ತರಕಾರಿಯವಳು ಬೇಕಿತ್ತು. ಮಾಡಿಟ್ಟದ್ದು ಇರಲಿಲ್ಲ.

ಈಗ ದರ, ಸಮಯದ ಮಾತು. ಕೈ ಕೂಡಿಸಿ, ಭುಜ ತುಂಬಿ, ಅಲ್ಲಿಗಷ್ಟೇ ಬಣ್ಣ ಹಾಕಲು ಏಳುನೂರು ರೂಪಾಯಿ ಕೇಳಿದರು. ಚೌಕಾಸಿ ಮಾಡಲಿಲ್ಲ. ಒಂದೊಂದು ಪದರವೂ ಒಣಗಬೇಕು, ಒಣಗಿದ ಮೇಲೆ ಉಜ್ಜಬೇಕು, ಆಮೇಲೆ ಮುಂದಿನದು. ಇಡೀ ಗೊಂಬೆಗೆ ಹೊಸ ಬಣ್ಣ ಬೇಡ ಅಂದದ್ದು ಅವರೇ. "ಹಳೇ ಮುಖ ಇದ್ದಂಗ ಇರಲಿ ತಂಗಿ, ನಿಮ್ಮವ್ವಗ ಗುರುತು ಸಿಗಬೇಕಲ್ಲ" ಅಂದರು. ಹೊಸ ಬಣ್ಣ ಬಳಿದಿದ್ದರೆ ಅವರಿಗೆ ಹೆಚ್ಚು ದುಡ್ಡು ಸಿಗುತ್ತಿತ್ತು. ಆ ಒಂದು ಮಾತಿಗೆ ನನಗೆ ಅವರ ಮೇಲೆ ಪೂರ್ತಿ ನಂಬಿಕೆ ಬಂತು.

ಮೂರು ವಾರ ಅಂದದ್ದು ಏಳು ವಾರ ಆಯಿತು. ನಡುವೆ ಯಾವುದೋ ಊರಿನ ಜಾತ್ರೆಯ ದೇವಿ ಬಣ್ಣಕ್ಕೆ ಬಂದಿದ್ದಳು, ನಮ್ಮದು ಹಿಂದೆ ಬಿತ್ತು. ಫೋನ್ ಮಾಡಿದಾಗೆಲ್ಲ ಇದ್ದದ್ದನ್ನು ಇದ್ದಹಾಗೆ ಹೇಳಿದರು, ಆದರೂ ಹಬ್ಬದ ಹೊತ್ತಿಗೆ ಬೇಕು ಅನ್ನುವವರು ಎರಡು ತಿಂಗಳು ಮುಂಚೆ ಕೊಡಿ. ಕಟ್ಟಿಕೊಡುವುದರಲ್ಲೂ ಕೊರತೆ ಇದೆ. ಹಳೇ ಪೇಪರು, ರಟ್ಟಿನ ಡಬ್ಬಿ, ಅಷ್ಟೇ. ದೂರ ಒಯ್ಯುವವರು ಹತ್ತಿ ಬಟ್ಟೆ, ಗಟ್ಟಿ ಪೆಟ್ಟಿಗೆ ತಗೊಂಡೇ ಹೋಗಿ.

ಹೊಸದಾಗಿ ಒಂದು ಗಿಳಿಯನ್ನೂ ಕೊಂಡೆ. ರೆಕ್ಕೆಯ ಗೆರೆ ಕೂದಲಿನಷ್ಟು ಸಣ್ಣ, ಎಲ್ಲೂ ನಡುಗಿಲ್ಲ. ಆದರೆ ಈಗಿನ ಪೇಂಟಿನ ಹೊಳಪು ಹಳೇ ಗೌರಿಯ ಪಕ್ಕದಲ್ಲಿ ಇಟ್ಟಾಗ ಕಣ್ಣಿಗೆ ಸ್ವಲ್ಪ ಚುಚ್ಚುತ್ತದೆ, ವಾಸನೆ ಹೋಗಲು ಹತ್ತು ದಿನ ಬೇಕಾಯಿತು. ಮಂದ ಬಣ್ಣ ಬೇಕಾದರೆ ಮೊದಲೇ ಹೇಳಿ, ಮಾಡಿಕೊಡುತ್ತಾರೆ. ಕಿನ್ನಾಳದ ಗೊಂಬೆಗೆ ಜಿಐ ಮಾನ್ಯತೆ, ಅಂದರೆ ಇದು ಈ ಊರಿನದೇ ಕಸುಬು ಅನ್ನುವ ಸರ್ಕಾರಿ ಗುರುತು ಇದೆ, ಊರ ಹೆಸರಿನಲ್ಲೇ. ಪಟ್ಟಣದ ಮಳಿಗೆಗಳಲ್ಲೂ ಸಿಗುತ್ತದೆ. ಆದರೂ ನನ್ನ ಮಾತು ಕೇಳುವುದಾದರೆ ಒಂದು ಸಲ ಅಲ್ಲಿಗೇ ಹೋಗಿ, ಮಾಡಿದವರ ಕೈಯಿಂದಲೇ ತಗೊಳ್ಳಿ. ಮುಂದೆ ಮುರಿದರೆ ಯಾರ ಹತ್ತಿರ ಒಯ್ಯಬೇಕು ಅಂತ ಗೊತ್ತಿರುತ್ತದೆ.

ಈ ಸಲದ ಹುಣ್ಣಿಮೆಗೆ ಗೌರಿ ಎರಡೂ ಕೈ ಇಟ್ಟುಕೊಂಡು ಕೂತಿದ್ದಳು. ಕೂಡಿಸಿದ ಜಾಗ ಹುಡುಕಲು ಅವ್ವ ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದಳು, ಸಿಗಲಿಲ್ಲ. ಈಗ ಒಣ ಬಟ್ಟೆಯಲ್ಲಷ್ಟೇ ಒರೆಸುತ್ತೇವೆ. ತರಕಾರಿ ಮಾರುವವಳಿಗೆ ಮುಂಗಡ ಕೊಟ್ಟಿದ್ದೇನೆ. ಬುಟ್ಟಿಯಲ್ಲಿ ಬದನೆಕಾಯಿ ಇರಲಿ ಅಂತ ಹೇಳಿ ಬಂದಿದ್ದೇನೆ.