ದಾವಣಗೆರೆಯಲ್ಲಿ ಡುಕಾಟಿ: ಯಾವ ಕೆಲಸಕ್ಕೆ ಊರಿನ ಗ್ಯಾರೇಜ್, ಯಾವುದಕ್ಕೆ ಬೆಂಗಳೂರು

ದಾವಣಗೆರೆ, ಚಿತ್ರದುರ್ಗದಲ್ಲಿ ಇಟಲಿಯ ಬೈಕ್ ಇಟ್ಟುಕೊಂಡವರಿಗೆ ಸರ್ವಿಸ್‌ಗೆ ಮೂರು ದಾರಿ ಇವೆ: ಬೆಂಗಳೂರಿನ ಅಧಿಕೃತ ವರ್ಕ್‌ಶಾಪ್, ಅಲ್ಲೇ ಎಲ್ಲ ಕಂಪನಿಯ ದೊಡ್ಡ ಬೈಕ್‌ಗಳನ್ನು ನೋಡುವ ಖಾಸಗಿ ಗ್ಯಾರೇಜ್, ಮತ್ತು ನಮ್ಮೂರಿನ ಗ್ಯಾರೇಜ್. ಪ್ರತಿ ಸಲವೂ ಬೆಂಗಳೂರೇ ಬೇಕು ಎನ್ನುವವರು ದುಡ್ಡು, ದಿನ ಎರಡನ್ನೂ ಸುಮ್ಮನೆ ಕಳೆಯುತ್ತಾರೆ. ಎಲ್ಲವನ್ನೂ ಇಲ್ಲೇ ಮುಗಿಸುತ್ತೇನೆ ಎನ್ನುವವರು ಎಂಜಿನ್ ಕಳೆದುಕೊಳ್ಳುತ್ತಾರೆ. ಕೆಲಸ ಯಾವುದು ಅಂತ ನೋಡಿ ಜಾಗ ಆರಿಸಿಕೊಳ್ಳಬೇಕು. ಈ ಭಾಗದಲ್ಲಿ ಕಣ್ಣಿಗೆ ಬೀಳುವ ಡುಕಾಟಿ ಸ್ಕ್ರ್ಯಾಂಬ್ಲರ್ 800 ಅನ್ನೇ ಮುಂದಿಟ್ಟುಕೊಂಡು ಹೇಳುತ್ತೇವೆ. ಬೇರೆ ಮಾಡೆಲ್‌ಗಳ ಮಾತು ನಡುನಡುವೆ ಬರುತ್ತದೆ.

ಮೊದಲು ಡೆಸ್ಮೊ ವಿಷಯ, ಏಕೆಂದರೆ ಉಳಿದ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ. ಸಾಮಾನ್ಯ ಬೈಕಿನಲ್ಲಿ ವಾಲ್ವ್ (ಎಂಜಿನ್‌ಗೆ ಗಾಳಿ-ಪೆಟ್ರೋಲ್ ಬಿಡುವ, ಹೊಗೆ ಹೊರಹಾಕುವ ಬಾಗಿಲು) ತೆರೆಯುವುದು ಕ್ಯಾಮ್ ಎಂಬ ತಿರುಗುವ ಉಬ್ಬು, ಮುಚ್ಚುವುದು ಸ್ಪ್ರಿಂಗ್. ಡುಕಾಟಿಯ ಡೆಸ್ಮೊ ಎಂಜಿನ್‌ನಲ್ಲಿ ಮುಚ್ಚುವ ಕೆಲಸಕ್ಕೂ ಬೇರೆ ರಾಕರ್ (ವಾಲ್ವ್ ಆಡಿಸುವ ಸಣ್ಣ ಸನ್ನೆ) ಇದೆ. ಹಾಗಾಗಿ ಒಂದು ವಾಲ್ವ್‌ಗೆ ಅಳೆದು ಸರಿಮಾಡಬೇಕಾದ ಸಣ್ಣ ಸಂದು, ಅಂದರೆ ಗ್ಯಾಪ್, ಎರಡು. ಸ್ಕ್ರ್ಯಾಂಬ್ಲರ್‌ನ 803 ಸಿಸಿ ಎಂಜಿನ್‌ನಲ್ಲಿ ಎರಡು ಸಿಲಿಂಡರ್, ನಾಲ್ಕು ವಾಲ್ವ್, ಅಂದರೆ ಎಂಟು ಅಳತೆ. ಮೊದಲ ತಲೆಮಾರಿನ ಸ್ಕ್ರ್ಯಾಂಬ್ಲರ್‌ಗೆ ಇದನ್ನು ಪ್ರತಿ 12,000 ಕಿ.ಮೀ.ಗೆ ನೋಡಬೇಕು. 937 ಸಿಸಿಯ ಮಾನ್‌ಸ್ಟರ್‌ಗೆ ಇದು 30,000 ಕಿ.ಮೀ. ಮಲ್ಟಿಸ್ಟ್ರಾಡಾ ವಿ4ರ ಗ್ರಾನ್‌ಟುರಿಸ್ಮೊ ಎಂಜಿನ್‌ನಲ್ಲಿ ಡೆಸ್ಮೊ ಬಿಟ್ಟು ಸ್ಪ್ರಿಂಗ್ ಹಾಕಿದ್ದಾರೆ, ಅದಕ್ಕೆ 60,000. ದಾವಣಗೆರೆಯಲ್ಲಿದ್ದು ಡುಕಾಟಿ ಕೊಳ್ಳುವವರು ಶೋರೂಮ್ ಬೆಲೆಗಿಂತ ಮೊದಲು ಈ ಮೂರು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಗ್ಯಾಪ್ ಸರಿಮಾಡುವುದು ಸ್ಕ್ರೂ ತಿರುಗಿಸುವ ಕೆಲಸವಲ್ಲ. ತೆರೆಯುವ ಕಡೆ ವಾಲ್ವ್ ತಲೆಗೆ ಟೋಪಿಯಂತೆ ಕೂರುವ ಶಿಮ್ (ಬೇರೆ ಬೇರೆ ದಪ್ಪದಲ್ಲಿ ಸಿಗುವ ಸಣ್ಣ ಲೋಹದ ತುಂಡು), ಮುಚ್ಚುವ ಕಡೆ ಬಳೆಯಂಥ ಶಿಮ್. ಆ ಬಳೆಯನ್ನು ಹಿಡಿದಿರುವುದು ಸಣ್ಣ ತಂತಿಯ ಎರಡು ಅರ್ಧ ಉಂಗುರಗಳು. ಅವನ್ನು ಬಿಚ್ಚುವಾಗ ಪಿಸ್ಟನ್ ಪೂರ್ತಿ ಮೇಲೆ ಇರದಿದ್ದರೆ ವಾಲ್ವ್ ಜಾರಿ ಸಿಲಿಂಡರ್ ಒಳಗೆ ಬೀಳುತ್ತದೆ. ಉಂಗುರವೇ ಕೈತಪ್ಪಿ ಎಂಜಿನ್ ಒಳಗೆ ಹೋದರೆ ಅದನ್ನು ಹುಡುಕುವುದೇ ಒಂದು ದೊಡ್ಡ ಕೆಲಸ. ಲೆಕ್ಕವೆಲ್ಲ ಮಿಲಿಮೀಟರಿನ ನೂರನೇ ಭಾಗದಲ್ಲಿ. ಶಿಮ್ ಸೆಟ್, ಮೈಕ್ರೋಮೀಟರ್, ಕೈಪಳಗಿದ ಮೆಕ್ಯಾನಿಕ್ ಮೂರೂ ಇದ್ದಲ್ಲಿ ಮಾತ್ರ ಮಾಡಿಸಬೇಕು. ಸಿಟಿ 100, ಸ್ಪ್ಲೆಂಡರ್ ಟ್ಯಾಪೆಟ್ (ಸ್ಕ್ರೂ ತಿರುಗಿಸಿ ಸರಿಮಾಡುವ ವಾಲ್ವ್ ಗ್ಯಾಪ್) ಅನ್ನು ಕಣ್ಣು ಮುಚ್ಚಿ ಸೆಟ್ ಮಾಡುವ ಒಳ್ಳೆಯ ಮೇಸ್ತ್ರಿಗೂ ಇದನ್ನು ಕೊಡಬೇಡಿ. ಅವರ ಕೈಗುಣದ ಬಗ್ಗೆ ಅನುಮಾನ ಇಲ್ಲ, ಆದರೆ ಶಿಮ್ ಇಲ್ಲದೆ ಯಾರ ಕೈಯಿಂದಲೂ ಇದು ಆಗುವುದಿಲ್ಲ.

ಕ್ಯಾಮ್ ತಿರುಗಿಸುವ ಟೈಮಿಂಗ್ ಬೆಲ್ಟ್ ಕೂಡ ಇದೇ ಸಾಲಿಗೆ ಸೇರಿದ್ದು. ಸ್ಕ್ರ್ಯಾಂಬ್ಲರ್‌ಗೆ ಎರಡು ರಬ್ಬರ್ ಬೆಲ್ಟ್. 24,000 ಕಿ.ಮೀ. ಅಥವಾ ಐದು ವರ್ಷ, ಯಾವುದು ಮೊದಲೋ ಆಗ ಬದಲಿಸಬೇಕು. ನಮ್ಮ ಕಡೆ ಜನ ಎಡವುವುದು ಇಲ್ಲೇ. ತಿಂಗಳಿಗೊಮ್ಮೆ ವಾಣಿವಿಲಾಸ ಸಾಗರದವರೆಗೆ ಹೋಗಿಬರುವ ಗಾಡಿ ಐದು ವರ್ಷವಾದರೂ 24,000 ಮುಟ್ಟಿರುವುದಿಲ್ಲ. ಓಡಿದ್ದೇ ಕಡಿಮೆ ಎಂದುಕೊಂಡು ಬೆಲ್ಟ್ ಬಿಟ್ಟುಬಿಡುತ್ತಾರೆ. ರಬ್ಬರ್‌ಗೆ ಬಿಸಿಲು, ವಯಸ್ಸು ಎರಡೂ ಲೆಕ್ಕಕ್ಕೆ ಬರುತ್ತವೆ. ಬೆಲ್ಟ್ ತುಂಡಾದರೆ ಅಥವಾ ಹಲ್ಲು ಹಾರಿದರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತದೆ, ಸಿಲಿಂಡರ್ ಹೆಡ್ ಬಿಚ್ಚದೆ ಬೇರೆ ಗತಿ ಇಲ್ಲ. ಬೆಲ್ಟ್ ಬಿಗಿಯನ್ನು ಬೆರಳಲ್ಲಿ ಒತ್ತಿ ಅಂದಾಜು ಮಾಡುವಂತಿಲ್ಲ. ತಣ್ಣಗಿನ ಎಂಜಿನ್‌ನಲ್ಲಿ ಬೆಲ್ಟನ್ನು ಮೀಟಿ, ಅದರ ಕಂಪನವನ್ನು ಹರ್ಟ್ಸ್‌ನಲ್ಲಿ ಅಳೆದು, ಆ ಮಾಡೆಲ್‌ನ ಮ್ಯಾನುಯಲ್‌ನಲ್ಲಿರುವ ಅಂಕಿಗೆ ತರುತ್ತಾರೆ.

ತಣ್ಣಗಿನ ಎಂಜಿನ್ ಎಂದದ್ದನ್ನು ಪ್ರಯಾಣದ ಯೋಜನೆಯಲ್ಲೂ ನೆನಪಿಡಬೇಕು. ದಾವಣಗೆರೆಯಿಂದ ಬೆಂಗಳೂರಿಗೆ ಹೆಚ್ಚುಕಡಿಮೆ 260 ಕಿ.ಮೀ., ಚಿತ್ರದುರ್ಗದಿಂದ 200. ಬೆಳಿಗ್ಗೆ ಹೊರಟು ಹನ್ನೊಂದಕ್ಕೆ ವರ್ಕ್‌ಶಾಪ್ ಮುಟ್ಟಿದ ಗಾಡಿಯ ಎಂಜಿನ್ ಕೈ ಇಡಲಾಗದಷ್ಟು ಕಾದಿರುತ್ತದೆ. ವಾಲ್ವ್ ಗ್ಯಾಪ್ ನೋಡಬೇಕೆಂದರೆ ರಾತ್ರಿಯಿಡೀ ಆರಬೇಕು. "ಸಂಜೆಗೆ ಡೆಸ್ಮೊ ಮುಗಿಸಿ ಕೊಡ್ತೀವಿ ಸರ್" ಎಂದರೆ ಸಂತೋಷಪಡಬೇಡಿ, ಅಳತೆ ತೆಗೆಯದೇ ಬಿಲ್ ಆಗುವ ಸಾಧ್ಯತೆ ಇದೆ. ಹಿಂದಿನ ದಿನವೇ ಬಿಟ್ಟು, ಎರಡು ದಿನದ ಕೆಲಸ ಎಂದೇ ಹೋಗಿ. ಕೆಲಸ ಒಪ್ಪಿಸುವಾಗಲೇ ಎಂಟೂ ಗ್ಯಾಪ್‌ಗಳ ಹಳೆ ಅಳತೆ, ಹೊಸ ಅಳತೆ ಬರೆದುಕೊಡಿ ಎಂದು ಕೇಳಿ. ನಿಜವಾಗಿ ಮಾಡುವವರ ಬಳಿ ಆ ಚೀಟಿ ಇದ್ದೇ ಇರುತ್ತದೆ. ಹಳೆಯ ಬೆಲ್ಟ್‌ಗಳನ್ನೂ ವಾಪಸ್ ಕೇಳಿ.

ಅಧಿಕೃತ ವರ್ಕ್‌ಶಾಪೋ, ಖಾಸಗಿಯೋ? ಎರಡು ವರ್ಷದ ವಾರಂಟಿ ಇರುವಷ್ಟು ದಿನ ಅಧಿಕೃತವೇ, ಇದರಲ್ಲಿ ಚರ್ಚೆ ಬೇಡ. ರೀಕಾಲ್ (ದೋಷ ಸರಿಪಡಿಸಲು ಕಂಪನಿಯೇ ಗಾಡಿ ಕರೆಸುವುದು) ಇದ್ದರೆ, ಇಮ್ಮೊಬಿಲೈಸರ್ ಕೀ (ಕಳ್ಳತನ ತಡೆಯುವ ಚಿಪ್ ಇರುವ ಕೀ) ಕಳೆದರೆ, ಎಂಜಿನ್ ಕಂಟ್ರೋಲ್‌ಗೆ ಹೊಸ ಸಾಫ್ಟ್‌ವೇರ್ ಹಾಕಬೇಕಾದರೆ ಆಮೇಲೂ ಅಲ್ಲಿಗೇ. ಅವರ ಕೊರತೆ ಎಂದರೆ ಸರದಿ ಉದ್ದ, ಕೂಲಿ ಹೆಚ್ಚು, ಮತ್ತು ಮೆಕ್ಯಾನಿಕ್ ಜೊತೆ ನೇರವಾಗಿ ಮಾತಾಡುವ ಅವಕಾಶ ಕಡಿಮೆ. ವಾರಂಟಿ ಮುಗಿದ ಗಾಡಿಗೆ ಒಳ್ಳೆಯ ಖಾಸಗಿ ಗ್ಯಾರೇಜ್ ನಮ್ಮ ಆಯ್ಕೆ. ಅಲ್ಲಿ ಶಿಮ್ ಸೆಟ್ ತೋರಿಸಿ ಅನ್ನಬಹುದು, ಬೆಲ್ಟ್ ಬಿಗಿ ಹೇಗೆ ಅಳೆಯುತ್ತೀರಿ ಎಂದು ಕೇಳಬಹುದು. ಡ್ಯಾಶ್‌ನಲ್ಲಿ ಬರುವ ಸರ್ವಿಸ್ ಸೂಚನೆಯನ್ನು ಡಯಾಗ್ನೋಸ್ಟಿಕ್ ಟೂಲ್ (ಬೈಕಿನ ಕಂಪ್ಯೂಟರ್‌ಗೆ ಜೋಡಿಸುವ ಸಾಧನ) ಇಲ್ಲದೆ ಅಳಿಸಲಾಗದು, ಅದು ಇದೆಯೇ ಎಂದು ಫೋನಿನಲ್ಲೇ ವಿಚಾರಿಸಿ. ಉತ್ತರ ತಡವರಿಸಿದರೆ ಬೇರೆಡೆ ನೋಡಿ.

ಇನ್ನು ನಮ್ಮೂರು. ಪಿ.ಬಿ. ರೋಡ್, ಹದಡಿ ರೋಡ್ ಕಡೆಯ ಗ್ಯಾರೇಜ್‌ಗಳಲ್ಲಿ ಆಗುವ ಕೆಲಸ ಕಡಿಮೆಯೇನಿಲ್ಲ. ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್, ಚೈನ್, ಬ್ಯಾಟರಿ, ಏರ್ ಫಿಲ್ಟರ್ ಎಲ್ಲ ಇಲ್ಲೇ ಆಗುತ್ತದೆ. ಷರತ್ತು ಎರಡೇ: ಬೋಲ್ಟನ್ನು ನಿಗದಿತ ಬಿಗಿಗೆ ಮಾತ್ರ ತಿರುಗಿಸುವ ಟಾರ್ಕ್ ರೆಂಚ್ ಇರಬೇಕು, ಹಿಂದಿನ ಚಕ್ರ ಎತ್ತಿ ನಿಲ್ಲಿಸುವ ಪ್ಯಾಡಾಕ್ ಸ್ಟ್ಯಾಂಡ್ ಇರಬೇಕು. ಟಾರ್ಕ್ ರೆಂಚ್ ಇಲ್ಲದಿದ್ದರೆ ನೀವೇ ಒಂದು ಕೊಂಡು ಕೊಡಿ, ತಪ್ಪೇನಿಲ್ಲ. ಡುಕಾಟಿಯ ಎಂಜಿನ್ ಕೇಸ್ ಅಲ್ಯೂಮಿನಿಯಂ. ಡ್ರೈನ್ ಬೋಲ್ಟನ್ನು ಕೈ ಅಂದಾಜಿನಲ್ಲಿ ಬಿಗಿದರೆ ಥ್ರೆಡ್ ಹೋಗುತ್ತದೆ. ಆಮೇಲೆ ಲೇತ್‌ನವರ ಹತ್ತಿರ ಹೆಲಿಕಾಯಿಲ್ (ಹಾಳಾದ ಥ್ರೆಡ್ ಬದಲು ಕೂರಿಸುವ ತಂತಿಯ ಸುರುಳಿ) ಹಾಕಿಸುವ ಪಾಡು, ಕೇಸ್ ಒಳಗೆ ಲೋಹದ ಪುಡಿ ಬೀಳುವ ಭಯ ಬೇರೆ.

ಆಯಿಲ್ 15ಡಬ್ಲ್ಯು-50, ಡಬ್ಬಿಯ ಮೇಲೆ ಬೈಕ್ ಆಯಿಲ್‌ನ ಗುರುತಾದ ಜಾಸೊ ಎಂಎ2 ಎಂದು ಇರಲೇಬೇಕು. ಸ್ಕ್ರ್ಯಾಂಬ್ಲರ್‌ನ ಕ್ಲಚ್ ಆಯಿಲ್‌ನಲ್ಲಿ ಮುಳುಗಿರುವ ಜಾತಿಯದು, ಕಾರಿನ ಆಯಿಲ್ ಹಾಕಿದರೆ ಜಾರುತ್ತದೆ. ಮೂರು ಲೀಟರ್‌ಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ, ಆದ್ದರಿಂದ ಒಂದೊಂದು ಲೀಟರಿನ ನಾಲ್ಕು ಡಬ್ಬಿ ತರಬೇಕು, ನಾಲ್ಕನ್ನೂ ಸುರಿಯಬಾರದು. ಗಾಡಿ ನೇರ ನಿಲ್ಲಿಸಿ, ಎಂಜಿನ್ ಬಿಸಿ ಮಾಡಿ ಆಫ್ ಮಾಡಿ, ಕೆಲವು ನಿಮಿಷ ಬಿಟ್ಟು ಗಾಜಿನ ಕಿಂಡಿಯಲ್ಲಿ ಎರಡು ಗೆರೆಗಳ ನಡುವೆ ಇದೆಯೇ ನೋಡಿ. ಹೆಚ್ಚಾದರೆ ಆಯಿಲ್ ಏರ್‌ಬಾಕ್ಸ್‌ಗೆ ಏರುತ್ತದೆ. ಸೈಡ್ ಸ್ಟ್ಯಾಂಡ್ ಮೇಲೆ ನೋಡಿ ಕಡಿಮೆ ಇದೆ ಎಂದು ಇನ್ನಷ್ಟು ಸುರಿಯುವುದು ಇಲ್ಲಿ ಬಹಳ ಸಾಮಾನ್ಯ. ಫಿಲ್ಟರ್‌ಗೆ ಹೈಫ್ಲೊ ಎಚ್‌ಎಫ್153 ಅಥವಾ ಕೆ ಆ್ಯಂಡ್ ಎನ್ 153 ಸರಿಹೊಂದುತ್ತದೆ, ಆನ್‌ಲೈನ್‌ನಲ್ಲಿ ತರಿಸಿಟ್ಟುಕೊಳ್ಳಿ. ಡ್ರೈನ್ ಬೋಲ್ಟ್ ವಾಷರ್ ಪ್ರತಿ ಸಲ ಹೊಸದು.

ಬ್ರೆಂಬೊ ಬ್ರೇಕ್‌ಗೆ ಡಾಟ್ 4 ಬ್ರೇಕ್ ಆಯಿಲ್, ಎರಡು ವರ್ಷಕ್ಕೊಮ್ಮೆ. ಹಳೆಯದು ತೆಗೆಯುವಾಗ ಮೇಲಿನ ಡಬ್ಬಿ ಪೂರ್ತಿ ಖಾಲಿಯಾಗಲು ಬಿಡಬಾರದು. ಎಬಿಎಸ್ ಮಾಡ್ಯೂಲ್ ಒಳಗೆ ಗಾಳಿ ಹೊಕ್ಕರೆ ಲಿವರ್ ಮೆತ್ತಗಾಗುತ್ತದೆ, ಅದನ್ನು ತೆಗೆಯಲು ಮತ್ತೆ ಡಯಾಗ್ನೋಸ್ಟಿಕ್ ಟೂಲ್ ಬೇಕಾಗಬಹುದು, ಅಂದರೆ ಬೆಂಗಳೂರು. ಟೈರ್ ಮಾತ್ರ ಇಲ್ಲಿ ನೋಡಿಕೊಂಡು ಮಾಡಿಸಿ. ಸ್ಕ್ರ್ಯಾಂಬ್ಲರ್‌ಗೆ ಮುಂದೆ 110/80-18, ಹಿಂದೆ 180/55-17. ರಾಡ್ ಹಾಕಿ ಎಬ್ಬಿಸುವ ಅಂಗಡಿಯಲ್ಲಿ ರಿಮ್ ಗೀಚಿಹೋಗುತ್ತದೆ. ಕಾರಿನ ಅಲಾಯ್ ವೀಲ್‌ಗೆ ಟೈರ್ ಹಾಕುವ ಮಷೀನ್ ಇರುವ ಕಡೆ, ಬೈಕ್ ಚಕ್ರ ಹಿಡಿಯುತ್ತದೆಯೇ ಎಂದು ಮೊದಲೇ ಕೇಳಿ, ಚಕ್ರ ಮಾತ್ರ ಬಿಚ್ಚಿ ಒಯ್ಯಿರಿ.

ಒಂದು ಬೇಡಿಕೆ: ವಾಟರ್ ಸರ್ವಿಸ್‌ನವರಿಗೆ ಡೀಸೆಲ್ ಹೊಡೆಯಬೇಡಿ ಎಂದು ಎದುರಿಗೇ ನಿಂತು ಹೇಳಿ. ಡೀಸೆಲ್ ಬ್ರೇಕ್ ಡಿಸ್ಕ್, ಪ್ಯಾಡ್ ಮೇಲೆ ಕೂತರೆ ಬ್ರೇಕ್ ಹಿಡಿಯುವುದಿಲ್ಲ, ಬೆಲ್ಟ್ ಕವರ್ ಒಳಗೆ ನುಸುಳಿದರೆ ರಬ್ಬರ್ ಕೆಡುತ್ತದೆ. ಚೈನ್ ಒರೆಸಲು ಸೀಮೆಎಣ್ಣೆ ಸಾಕು, ಪೆಟ್ರೋಲ್ ಒ-ರಿಂಗ್ ತಿಂದುಹಾಕುತ್ತದೆ.

ನಮ್ಮ ಬಿಸಿಲಿಗೆ ಸಂಬಂಧಿಸಿದ ಒಂದು ಪರೀಕ್ಷೆಯನ್ನು ಊರಿನ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಬಹುದು. ಹಳೆಯ ಡುಕಾಟಿಗಳಲ್ಲಿ ರೆಗ್ಯುಲೇಟರ್-ರೆಕ್ಟಿಫೈಯರ್ (ಬ್ಯಾಟರಿಗೆ ಹೋಗುವ ಕರೆಂಟನ್ನು ಹದಕ್ಕೆ ತರುವ ಭಾಗ) ಶಾಖಕ್ಕೆ ಸೋಲುವುದು ಗೊತ್ತಿರುವ ತೊಂದರೆ. ಎಂಜಿನ್ 4,000 ಆರ್‌ಪಿಎಂನಲ್ಲಿರುವಾಗ ಬ್ಯಾಟರಿ ತುದಿಗಳಲ್ಲಿ ಮಲ್ಟಿಮೀಟರ್ ಇಡಿ. 13.8ರಿಂದ 14.5 ವೋಲ್ಟ್ ಬಂದರೆ ಸರಿ. 13ಕ್ಕಿಂತ ಕೆಳಗಿದ್ದರೆ ಚಾರ್ಜ್ ಆಗುತ್ತಿಲ್ಲ, 15 ದಾಟಿದರೆ ಬ್ಯಾಟರಿ ಬೇಯುತ್ತದೆ. ಕನೆಕ್ಟರ್ ಬಿಚ್ಚಿ ಪ್ಲಾಸ್ಟಿಕ್ ಕಂದುಗಟ್ಟಿದೆಯೇ ಎಂದೂ ನೋಡಿ. ಏಪ್ರಿಲ್‌ಗೆ ಮೊದಲು ಇದೊಂದನ್ನು ಮಾಡಿಸಿದರೆ ಹೈವೇಯಲ್ಲಿ ಗಾಡಿ ನಿಲ್ಲುವುದು ಎಷ್ಟೋ ತಪ್ಪುತ್ತದೆ. ಇನ್ನು ಭೀಮಸಮುದ್ರ, ಹೊಳಲ್ಕೆರೆ ಕಡೆ ಅದಿರು ಲಾರಿಗಳ ಹಿಂದೆ ಓಡಾಡುವವರು ಏರ್ ಫಿಲ್ಟರನ್ನು ಮ್ಯಾನುಯಲ್ ಹೇಳಿದ್ದಕ್ಕಿಂತ ಬೇಗ ಬದಲಿಸಬೇಕು.

ಪೆಟ್ರೋಲ್‌ನಲ್ಲಿ ಈಗ ಶೇ. 20 ಎಥೆನಾಲ್. ಸ್ಕ್ರ್ಯಾಂಬ್ಲರ್‌ನ ಟ್ಯಾಂಕ್ ಉಕ್ಕಿನದು, ಅದಕ್ಕೆ ಉಬ್ಬುವ ಚಿಂತೆ ಇಲ್ಲ. 2010ರ ಆಸುಪಾಸಿನ ಕೆಲವು ಡುಕಾಟಿಗಳ ಪ್ಲಾಸ್ಟಿಕ್ ಟ್ಯಾಂಕ್ ಎಥೆನಾಲ್ ಹೀರಿ ಉಬ್ಬುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಟ್ಯಾಂಕ್ ಎತ್ತಿ, ಮತ್ತೆ ಕೂರಿಸಿ, ಬೋಲ್ಟ್ ತೂತುಗಳು ಸರಿಯಾಗಿ ಕೂಡುತ್ತವೆಯೇ ನೋಡಲಿ.

ಡುಕಾಟಿ ಬಿಟ್ಟರೆ? ಮೋಟೊ ಗುಜ್ಜಿ ವಿ7 ಇದ್ದವರು ಅದೃಷ್ಟವಂತರು. ಸ್ಕ್ರೂ-ನಟ್ ಟ್ಯಾಪೆಟ್, ಎಂಜಿನ್‌ನ ಎರಡೂ ಬದಿಗೆ ಚಾಚಿ ನಿಂತ ಸಿಲಿಂಡರ್, ಚೈನ್ ಬದಲು ಶಾಫ್ಟ್. ಗ್ಯಾಪ್ ಅಳೆಯುವ ಫೀಲರ್ ಗೇಜ್ ಹಿಡಿದ ಊರಿನ ಮೇಸ್ತ್ರಿಯೇ ಮಾಡಿಕೊಡಬಲ್ಲರು. ಎಪ್ರಿಲಿಯಾ ಆರ್‌ಎಸ್ 457 ಮಹಾರಾಷ್ಟ್ರದ ಬಾರಾಮತಿಯಲ್ಲೇ ತಯಾರಾಗುತ್ತದೆ, ಆದರೆ ವೆಸ್ಪಾ ಸ್ಕೂಟರ್ ಮಾರುವ ಪ್ರತಿ ಅಂಗಡಿಯೂ ಅದನ್ನು ಸರ್ವಿಸ್ ಮಾಡುತ್ತದೆ ಎಂದುಕೊಳ್ಳಬೇಡಿ. 457ಕ್ಕೆ ತರಬೇತಾದ ಮೆಕ್ಯಾನಿಕ್, ಡಯಾಗ್ನೋಸ್ಟಿಕ್ ಟೂಲ್ ಇದೆಯೇ ಎಂದು ಕೊಳ್ಳುವ ಮೊದಲೇ ಕೇಳಿ.

ಬೆಲ್ಟ್ ಅವಧಿ ಮೀರಿದ ಗಾಡಿಯನ್ನು ಬೆಂಗಳೂರಿಗೆ ಓಡಿಸಿಕೊಂಡು ಹೋಗಬೇಡಿ, ಟಾಟಾ ಏಸ್‌ನಲ್ಲಿ ಹಾಕಿ. ಮುಂದಿನ ಚಕ್ರ ಮುಂಭಾಗದ ತಗಡಿಗೆ ತಾಗಿರಲಿ. ಹಗ್ಗ ಬೇಡ, ರ‍್ಯಾಚೆಟ್ ಬೆಲ್ಟ್ ಬೇಕು. ಫೋರ್ಕ್ ಅರ್ಧ ಕುಗ್ಗುವಷ್ಟು ಎರಡೂ ಕಡೆಯಿಂದ ಸಮನಾಗಿ ಎಳೆದು ಕಟ್ಟಿ, ಸೈಡ್ ಸ್ಟ್ಯಾಂಡ್ ಮೇಲೆ ಭಾರ ಬಿಡಬೇಡಿ. ರೈಲ್ವೆ ಪಾರ್ಸೆಲ್ ಅಗ್ಗ, ಆದರೆ ಟ್ಯಾಂಕ್ ಖಾಲಿ ಮಾಡಬೇಕು, ರೈಲು ನಿಲ್ಲುವ ಹೊತ್ತು ಕಡಿಮೆಯಾದರೆ ಗಾಡಿ ಪ್ಲಾಟ್‌ಫಾರ್ಮ್‌ನಲ್ಲೇ ಉಳಿಯಬಹುದು.

ಬಿಲ್‌ನಲ್ಲಿ ಪಾರ್ಟ್ಸ್, ಕೂಲಿ, ಆಯಿಲ್-ಗ್ರೀಸ್ ಬೇರೆ ಬೇರೆ ಬರೆಸಿ, ಪಾರ್ಟ್ ನಂಬರ್ ಸಮೇತ. ಗಾಡಿ ತೆಗೆದುಕೊಂಡ ಮೇಲೆ ಊರಿನವರೆಗೆ ಒಂದೇ ಓಟ ಬೇಡ. ತುಮಕೂರಿನಲ್ಲಿ ನಿಲ್ಲಿಸಿ, ಟಾರ್ಚ್ ಹಾಕಿ ಡ್ರೈನ್ ಬೋಲ್ಟ್, ಫಿಲ್ಟರ್, ಅಡ್ಡ ಮಲಗಿರುವ ಮುಂದಿನ ಸಿಲಿಂಡರ್‌ನ ವಾಲ್ವ್ ಮುಚ್ಚಳ ಒದ್ದೆಯಾಗಿವೆಯೇ ನೋಡಿ. ಜಿನುಗುತ್ತಿದ್ದರೆ ಅಲ್ಲಿಂದ ವರ್ಕ್‌ಶಾಪ್‌ಗೆ ತಿರುಗಿ ಹೋಗಲು 70 ಕಿ.ಮೀ. ಅಷ್ಟೆ, ಹಿರಿಯೂರು ದಾಟಿದ ಮೇಲೆ ಗೊತ್ತಾದರೆ ಕಷ್ಟ.