ಊದಿರೋ ಫ್ರೂಟ್ ಬಿಯರ್ ಕ್ಯಾನ್ ಓಪನ್ ಮಾಡ್ಬೇಡಿ, ರೇಟಿಂಗ್ ಎಷ್ಟೇ ಇರ್ಲಿ

ಸಣ್ಣ ಬ್ರೂವರಿಯವ್ರು ಮಾಡೋ ಗಟ್ಟಿ, ಸ್ಮೂದಿ ತರದ ಹುಳಿ ಫ್ರೂಟ್ ಬಿಯರ್ ತಗೊಳೋರು ಸ್ವಲ್ಪ ನೋಡ್ಕೊಳ್ಳಿ. ನಾನು ರಾಸ್‌ಬೆರಿ ಹಾಕಿರೋದನ್ನ ರಿವ್ಯೂ ಮಾಡೋಣ ಅಂತ ತಂದಿದ್ದೆ, ಆನ್‌ಲೈನಲ್ಲಿ ಎಲ್ರೂ ಹೊಗಳಿದ್ದೇ ಹೊಗಳಿದ್ದು. ಅಂಗಡೀಲಿ ಫ್ರಿಜ್ಜಲ್ಲಿ ಇಟ್ಟಿರ್ಲಿಲ್ಲ, ಹೊರಗೆ ಶೆಲ್ಫಲ್ಲೇ ಇತ್ತು. ತಂದು ತಣ್ಣಗೆ ಮಾಡಿ ರಿಂಗ್ ಎತ್ತಿದ್ದೇ ತಡ, ಅರ್ಧಕ್ಕರ್ಧ ಗೋಡೆ ಮೇಲೆ, ಶರ್ಟ್ ಮೇಲೆ, ಫೋನ್ ಮೇಲೆ. ಅಲ್ಲಾಡಿರೋ ಕ್ಯಾನ್ ಆದ್ರೆ ಒಂದ್ಸಲ ಉಕ್ಕಿ ಸುಮ್ನಾಗತ್ತೆ, ಇದು ನಿಲ್ಲೋ ಲಕ್ಷಣಾನೇ ಇಲ್ಲ, ಗ್ಲಾಸಿಗೆ ಹಾಕಿದ್ರೂ ಬರೀ ನೊರೆ.

ರುಚಿ ಬಗ್ಗೆ ಹೇಳ್ಬೇಕಂದ್ರೆ, ಬಣ್ಣ ಒಂದು ಚೆನ್ನಾಗಿತ್ತು ಅಷ್ಟೇ. ಹಣ್ಣಿನ ಸಿಹಿ ಪೂರ್ತಿ ಹೋಗಿ ತೆಳ್ಳಗೆ, ಒಣ ಹುಳಿ, ಕೊನೇಲಿ ಈಸ್ಟ್ ವಾಸನೆ. ಇದಕ್ಕೆ ಮಾರ್ಕ್ಸ್ ಕೊಡೋದು ಹೇಗೆ? ಬ್ರೂವರ್ ಪ್ಯಾಕ್ ಮಾಡಿದ ಬಿಯರ್ ಅಲ್ವೇ ಅಲ್ಲ ಇದು.

ಆಗಿದ್ದೇನಂದ್ರೆ, ಈ ತರದ ಬಿಯರಿಗೆ ಹುದುಗು ಬಂದಾದ್ಮೇಲೆ ಸಿಹಿಗೋಸ್ಕರ ಹಣ್ಣಿನ ಪ್ಯೂರಿ, ಅಂದ್ರೆ ನುಣ್ಣಗೆ ಅರೆದ ತಿರುಳು, ಸೇರಿಸ್ತಾರೆ. ಅದರಲ್ಲಿ ಸಕ್ಕರೆ ಹಾಗೇ ಇರತ್ತೆ, ಬಿಸಿ ಮಾಡಿ ಪಾಶ್ಚರೈಸ್ ಮಾಡಿಲ್ಲ ಅಂದ್ರೆ ಸಕ್ಕರೆ ತಿಂದು ಆಲ್ಕೋಹಾಲು, ಗ್ಯಾಸ್ ಮಾಡೋ ಈಸ್ಟೂ ಬದುಕಿರತ್ತೆ, ಚಳಿಗೆ ಮಲಗಿರತ್ತೆ ಅಷ್ಟೇ. ಬೆಚ್ಚಗಾಯ್ತೋ ಮುಚ್ಚಿದ ಕ್ಯಾನಲ್ಲೇ ಮತ್ತೆ ಹುದುಗೋಕೆ ಶುರು. ಲೀಟರಿಗೆ 4 ಗ್ರಾಂ ಸಕ್ಕರೆ ಹುದುಗಿದ್ರೆ ಸಾಕು, ಸುಮಾರು 2 ಗ್ರಾಂ ಕಾರ್ಬನ್ ಡೈಆಕ್ಸೈಡ್, ಅಂದ್ರೆ ಹತ್ತತ್ರ ಒಂದು ಲೀಟರ್ ಗ್ಯಾಸ್, ಹೊರಗೆ ಹೋಗೋಕೆ ದಾರಿ ಇಲ್ಲ. ಪ್ಯೂರಿ ಧಾರಾಳವಾಗಿ ಹಾಕಿರೋದ್ರಲ್ಲಿ ಇದರ ಎಷ್ಟೋ ಪಟ್ಟು ಸಕ್ಕರೆ ಇರಬಹುದು. ಆಲ್ಕೋಹಾಲೂ ಲೇಬಲ್ಲಲ್ಲಿ ಹಾಕಿದ್ದಕ್ಕಿಂತ ಸ್ವಲ್ಪ ಏರಿರತ್ತೆ, ಅದನ್ನ ಯಾರೂ ಹೇಳಲ್ಲ.

ಬ್ರೂವರಿಗೆ ಮೆಸೇಜ್ ಮಾಡಿದ್ರೆ "ತಣ್ಣಗಿಡಿ ಅಂತ ಕ್ಯಾನ್ ಮೇಲೆ ಬರ್ದಿದೀವಲ್ಲ ಸರ್" ಅಂದ್ರು. ಬರ್ದಿದಾರೆ ನಿಜ, ಚಿತ್ರದ ಕೆಳಗೆ ಇರುವೆ ಸೈಜಲ್ಲಿ. ಅಂಗಡಿಯವ್ರು ನಮಗೆ ಬಂದಿದ್ದೇ ಹಂಗೆ ಅಂತಾರೆ. ನನ್ ಪ್ರಕಾರ ತಪ್ಪು ಜಾಸ್ತಿ ಬ್ರೂವರಿದೇ, ದಾರೀಲಿ ಎಲ್ಲೋ ಒಂದ್ಕಡೆ ಬಿಸಿ ತಗಲಿದ್ರೆ ಸಿಡಿಯೋ ಮಾಲನ್ನ ಒಂದು ಸಾಲು ಬರ್ದು ಮಾರೋದು ಯಾವ ಸೀಮೆ ನ್ಯಾಯ ಸ್ವಾಮಿ. ಅಂದಹಾಗೆ ಆ ಒಳ್ಳೊಳ್ಳೆ ರೇಟಿಂಗ್ ಸುಮಾರೆಲ್ಲ ಬ್ರೂವರೀಲೇ ಕೂತು ಫ್ರೆಶ್ ಆಗಿ ಕುಡಿದೋರ್ದು, ನಿಮ್ ಕೈಗೆ ಸಿಗೋ ಕ್ಯಾನಿಗೂ ಅದಕ್ಕೂ ಸಂಬಂಧ ಇಲ್ಲ.

ತಗೊಳೋವಾಗ ಕ್ಯಾನ್ ತಿರುಗಿಸಿ ತಳ ನೋಡಿ, ಅದು ಒಳಕ್ಕೆ ಬಾಗಿರ್ಬೇಕು. ಹೊರಕ್ಕೆ ಉಬ್ಬಿದ್ರೆ, ಮುಚ್ಚಳ ಗುಮ್ಮಟದ ತರ ಎದ್ದಿದ್ರೆ ಅಲ್ಲೇ ಬಿಟ್ಬಿಡಿ. ಪ್ಯಾಕಿಂಗ್ ಡೇಟ್ ಇಲ್ದಿರೋದೂ ಬೇಡ. ಗಾಜಿನ ಬಾಟಲ್ ಆದ್ರೆ ಇನ್ನೂ ಹುಷಾರು, ಒಡೆದ್ರೆ ಚೂರು ಕಣ್ಣಿಗೇ ಬರತ್ತೆ. ಈಗಾಗ್ಲೇ ಮನೇಲಿ ಊದಿರೋದು ಇದ್ರೆ ಅಲ್ಲಾಡಿಸ್ದೆ, ಮುಖ ದೂರ ಇಟ್ಕೊಂಡು, ಕ್ಯಾನ್ ಸಮೇತ ಮುಚ್ಚಳ ಇರೋ ದಪ್ಪ ಡಬ್ಬಿಗೆ ಹಾಕಿ ಫ್ರಿಜ್ಜಲ್ಲಿಡಿ, ತಣ್ಣಗಾದ್ರೆ ಒತ್ತಡ ಇಳಿಯತ್ತೆ. ಫ್ರೀಜರಲ್ಲಿ ಮಾತ್ರ ಇಡ್ಬೇಡಿ, ಹೆಪ್ಪುಗಟ್ಟಿ ಹಿಗ್ಗಿದ್ರೆ ಅಲ್ಲೇ ಒಡೆಯತ್ತೆ. ಬ್ಯಾಚ್ ನಂಬರ್ ಕಾಣೋ ಹಾಗೆ ಫೋಟೋ ತೆಗ್ದಿಟ್ಕೊಳ್ಳಿ, ನನಗೆ ದುಡ್ಡು ವಾಪಸ್ ಕೊಡ್ತೀವಿ ಅಂತ ಒಪ್ಕೊಂಡಿದ್ದು ಅದನ್ನ ಕಳ್ಸಿದ್ಮೇಲೇನೇ.