ಒಬ್ಬನೇ ನಟ, ಒಂದು ಕೋಟೆ: 'ಹೆವೆನ್ ಸೆಂಟ್' ತಪ್ಪದೇ ನೋಡಿ

'ಡಾಕ್ಟರ್ ಹೂ' ಬಿಬಿಸಿಯ ಹಳೇ ಟಿವಿ ಸರಣಿ, ಕಾಲದಲ್ಲಿ ಹಿಂದೆ ಮುಂದೆ ಓಡಾಡುವ 'ಡಾಕ್ಟರ್' ಅನ್ನೋನ ಕಥೆ, ಶುರುವಾದದ್ದು 1963ರಲ್ಲಿ. ಅಷ್ಟೂ ನೋಡೋಕೆ ಟೈಮಿಲ್ಲ ಅನ್ನೋರು 2015ರ ನವೆಂಬರ್ 28ರಂದು ಬಂದ 'ಹೆವೆನ್ ಸೆಂಟ್' ಒಂದನ್ನಾದರೂ ನೋಡಿ. ಒಂಬತ್ತನೇ ಸೀಸನ್ನಿನ ಹನ್ನೊಂದನೇ ಎಪಿಸೋಡ್, ಒಂದು ಗಂಟೆಗೂ ಕಮ್ಮಿ. ಹೆಚ್ಚುಕಡಿಮೆ ಪೂರ್ತಿ ಡಾಕ್ಟರ್ ಪಾತ್ರದ ಪೀಟರ್ ಕಪಾಲ್ಡಿ ಒಬ್ಬರದೇ ಆಟ.

ಬಳ್ಳಾರಿ ಕಡೆ ಬಯಲಾಟ ನೋಡಿ ಬೆಳೆದವರಿಗೆ ಒಬ್ಬ ಪಾತ್ರಧಾರಿ ಇಡೀ ರಂಗ ತುಂಬೋದು ಹೊಸದಲ್ಲ. ಎಲ್ಲರನ್ನೂ ಕಳಕೊಂಡ ದುರ್ಯೋಧನ ಒಬ್ಬನೇ ಬಂದು ನಿಂತರೆ ಜನ ಕದಲೋದಿಲ್ಲ. ಆದರೆ ಅವನಿಗೆ ಹಾಡಿದೆ, ಕುಣಿತ ಇದೆ, ಹಿಮ್ಮೇಳ ಇದೆ. ಕಪಾಲ್ಡಿಗೆ ಎದುರು ಮಾತಾಡೋಕೂ ಯಾರಿಲ್ಲ.

ಡಾಕ್ಟರನ ಜೊತೆಗಾತಿ ಕ್ಲಾರಾ ಆಗಷ್ಟೇ ಸತ್ತಿದ್ದಾಳೆ. ಅವನನ್ನು ಸಮುದ್ರದ ನಡುವಿನ ಒಂದು ಕೋಟೆಗೆ ತಂದು ಹಾಕಿದ್ದಾರೆ. ಮುಸುಕು ಹೊದ್ದ ಒಂದು ಆಕೃತಿ ನಿಧಾನಕ್ಕೆ, ಬಿಡದೆ ಹಿಂದೆ ಬರುತ್ತದೆ, ಅದರ ಸುತ್ತ ನೊಣಗಳ ಗುಂಯ್‌ ಸದ್ದು. ಡಾಕ್ಟರ್ ಚಿಕ್ಕಂದಿನಲ್ಲಿ ಸೆಕೆಯಲ್ಲಿ ಮಲಗಿಸಿದ್ದ ಒಬ್ಬ ಮುದುಕಿಯ ಹೆಣ ನೋಡಿದ್ದ ಹೆದರಿಕೆ ಅದು. ನಮ್ಮೂರ ಬೇಸಿಗೆ ಕಂಡವರಿಗೆ ಆ ನೊಣದ ಸದ್ದು ಸ್ವಲ್ಪ ಜಾಸ್ತಿನೇ ತಟ್ಟುತ್ತೆ. ಯಾರಿಗೂ ಹೇಳದ ಒಂದು ನಿಜ ಬಾಯಿಬಿಟ್ಟರೆ ಮಾತ್ರ ಅದು ನಿಲ್ಲುತ್ತದೆ. ಒಂದೇ ಒಂದು ಗುಟ್ಟು ಹೇಳಿದ್ದರೆ ಅವನು ಯಾವಾಗಲೋ ಪಾರಾಗಬಹುದಿತ್ತು. ಹೇಳೋದಿಲ್ಲ.

ಗುಟ್ಟು ಮೊದಲೇ ಗೊತ್ತಾಗಬಾರದು ಅನ್ನೋರು ಇಲ್ಲಿಗೇ ನಿಲ್ಲಿಸಿ, ನೋಡಿಕೊಂಡು ಬನ್ನಿ.

ನನಗೆ ತುಂಬಾ ಹಿಡಿಸಿದ್ದು ಒಲೆ ಮುಂದಿನ ಬಟ್ಟೆ. ಸಮುದ್ರಕ್ಕೆ ಹಾರಿ ತೊಯ್ದು ತೊಪ್ಪೆಯಾಗಿ ಬಂದವನಿಗೆ ಅಲ್ಲಿ ಒಣಗಿದ ಬಟ್ಟೆ ಸಿಗುತ್ತೆ, ಥೇಟ್ ಅವನದೇ ಅಳತೆ, ಅವನದೇ ಕೋಟು. ಅದನ್ನು ಹಾಕಿಕೊಂಡು ಒದ್ದೆ ಬಟ್ಟೆಯನ್ನು ಅದೇ ಜಾಗದಲ್ಲಿ ಒಣಗೋಕೆ ಹಾಕಿ ಹೋಗುತ್ತಾನೆ. ಮೊದಲ ಸಲ ನೋಡುವಾಗ ಇದನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಎರಡನೇ ಸಲ ಮೈ ಜುಂ ಅನ್ನುತ್ತೆ, ಯಾಕಂದ್ರೆ ಸಮುದ್ರದ ತಳದಲ್ಲಿ ರಾಶಿ ಬಿದ್ದ ಬುರುಡೆಗಳೆಲ್ಲ ಅವನವೇ.

ಹೊರಗೆ ಹೋಗೋಕೆ ಅಡ್ಡ ಇರೋದು ವಜ್ರಕ್ಕಿಂತ 400 ಪಟ್ಟು ಗಟ್ಟಿಯಾದ, 20 ಅಡಿ ದಪ್ಪದ ಗೋಡೆ. ಬರಿಗೈಯಲ್ಲಿ ಗುದ್ದುತ್ತಾನೆ. ಆಕೃತಿ ಬಂದು ಮುಟ್ಟುತ್ತದೆ. ಸಾಯುತ್ತಲೇ ತೆವಳಿಕೊಂಡು ಮೇಲಕ್ಕೆ ಹೋಗಿ ತನ್ನನ್ನೇ ಸುಟ್ಟುಕೊಂಡು, ತನ್ನನ್ನು ಕೋಟೆಗೆ ತಂದಿದ್ದ ಯಂತ್ರ ನಡೆಸುತ್ತಾನೆ, ಅದರಿಂದ ಇನ್ನೊಬ್ಬ ಅವನೇ ಹೊರಗೆ ಬರುತ್ತಾನೆ, ಏನೂ ನೆನಪಿಲ್ಲದೆ. ಮತ್ತೆ ಮೊದಲಿಂದ. ಏಳು ಸಾವಿರ ವರ್ಷ, ಆರು ಲಕ್ಷ, ಎರಡು ಕೋಟಿ, ಹೀಗೆ 200 ಕೋಟಿವರೆಗೆ. ನಮ್ಮ ಬಳ್ಳಾರಿ ಗುಡ್ಡದಿಂದ ಹಂಪಿ, ಆನೆಗೊಂದಿವರೆಗಿನ ಬಂಡೆಗಳ ವಯಸ್ಸು ಸುಮಾರು 250 ಕೋಟಿ ವರ್ಷ ಅಂತಾರೆ ಭೂವಿಜ್ಞಾನಿಗಳು. ಇಲ್ಲಿ ಕೂತು ನೋಡೋರಿಗೆ ಅದು ಬರೀ ಅಂಕಿಯಲ್ಲ, ಕಿಟಕಿ ತೆಗೆದರೆ ಎದುರಿಗೇ ಇದೆ ಅಲ್ವಾ?

ಗುದ್ದುವಾಗ ಅವನು ಗ್ರಿಮ್ ಸಹೋದರರ ಒಂದು ಕಥೆ ಹೇಳುತ್ತಾನೆ. ನೂರು ವರ್ಷಕ್ಕೊಮ್ಮೆ ಹಕ್ಕಿಯೊಂದು ವಜ್ರದ ಬೆಟ್ಟಕ್ಕೆ ಕೊಕ್ಕು ಮಸೆಯುತ್ತೆ. ಒಂದೊಂದು ಸಲ ಸಾಯುವ ಮುಂಚೆ ಒಂದೊಂದು ಮಾತು ಮುಂದೆ. ಮರ್ರೆ ಗೋಲ್ಡ್ ಸಂಗೀತ ಅದರ ಜೊತೆಗೇ ಏರುತ್ತಾ ಹೋಗುತ್ತೆ. ನಿರ್ದೇಶಕಿ ರೇಚಲ್ ತಲಾಲೆ ಈ ಕೊನೆಯ ಕೆಲವು ನಿಮಿಷಗಳನ್ನು ಕಟ್ಟಿದ ರೀತಿಗೆ ಕೈ ಮುಗಿಯಬೇಕು. ಅಳುವ ಸೀನ್ ಅಲ್ಲ, ಆದರೂ ಗಂಟಲು ಕಟ್ಟುತ್ತೆ. ಸತ್ತವರನ್ನು ಬಿಟ್ಟುಕೊಡದ ಹಟ ಎಂಥದ್ದು ಅಂತ ಇಷ್ಟು ನೇರವಾಗಿ ತೋರಿಸಿದ್ದನ್ನು ನಾನು ಟಿವಿಯಲ್ಲಿ ಬೇರೆಲ್ಲೂ ಕಂಡಿಲ್ಲ.

ಕೊರತೆ ಇಲ್ಲ ಅಂತಲ್ಲ. ನಡುವೆ ಅವನು ಮನಸ್ಸಿನೊಳಗೇ ಕ್ಲಾರಾಗೆ ವಿವರಿಸುವ ಭಾಗ ಒಂಚೂರು ಎಳೆದಂತಿದೆ. ಸ್ಟೀವನ್ ಮೊಫಟ್ ಬರವಣಿಗೆಯಲ್ಲಿ ಜಾಣತನ ಅಲ್ಲಲ್ಲಿ ಜಾಸ್ತಿಯಾಗಿದೆ.

ಇದಕ್ಕೂ ಹಿಂದಿನ 'ಫೇಸ್ ದಿ ರೇವನ್' ಮೊದಲು ನೋಡಿ, ಇಲ್ಲಾಂದ್ರೆ ಕ್ಲಾರಾ ಸಾವಿನ ಭಾರ ಗೊತ್ತಾಗಲ್ಲ. ಇಯರ್‌ಫೋನ್ ಹಾಕಿಕೊಳ್ಳಿ, ಸಬ್‌ಟೈಟಲ್ ಹಾಕಿಕೊಳ್ಳಿ. ಕಪಾಲ್ಡಿಯ ಸ್ಕಾಟ್ಲೆಂಡ್ ಉಚ್ಚಾರ ಬೇಗ ಕಿವಿಗೆ ಹತ್ತೋದಿಲ್ಲ.